ವಿವಾಹವಿಚ್ಛೇದನದ ತರುವಾಯ ಜೀವವಿಮೆಯ ನಾಮನಿರ್ದೇಶನ

ಜೀವವಿಮೆಯ ಅರ್ಜಿಪತ್ರದಲ್ಲಿ ನಾಮಿನಿಯ ಹೆಸರನ್ನು ಬರೆಯುವುದಕ್ಕೆಂದು ಒಂದು ಅಂಕಣವಿರುತ್ತದೆ. ಅವಿವಾಹಿತನಾದವನು ಅಲ್ಲಿ ತಾಯಿಯ ಹೆಸರನ್ನೂ, ಮದುವೆಯಾದ ಹೊಸತರಲ್ಲಿ ಪಾಲಿಸಿ ಪಡೆಯುವವನು ಹೆಂಡತಿಯ ಹೆಸರನ್ನೂ ಬರೆದು, ಬಳಿಕ ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಮರೆತುಬಿಡುವುದು ಸಾಮಾನ್ಯ. ಪಾಲಿಸಿಯ ಅವಧಿಯಾದರೋ ಇಪ್ಪತ್ತು ಮೂವತ್ತು ವರ್ಷಗಳದು. ಅಷ್ಟು ಕಾಲದಲ್ಲಿ ಸಂಸಾರದ ಸ್ವರೂಪವೇ ಬದಲಾಗಬಹುದು; ಕಾಗದದ ಮೇಲಿನ ಹೆಸರು ಮಾತ್ರ ತಾನಾಗಿ ಬದಲಾಗುವುದಿಲ್ಲ. ದಾಂಪತ್ಯವು ಮುರಿದ ಮೇಲೆಯೂ ಆ ಹೆಸರು ಹಾಗೆಯೇ ಉಳಿದಿದ್ದರೆ, ವಿಮೆಯ ಹಣವು ಯಾರ ಕೈಗೆ ಸೇರುತ್ತದೆ, ಯಾರ ಸ್ವತ್ತಾಗುತ್ತದೆ ಎಂಬ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಇವೆರಡೂ ಒಂದೇ ಎಂದು ಭಾವಿಸುವುದರಿಂದಲೇ ಬಹುಪಾಲು ತೊಡಕುಗಳು ಉಂಟಾಗುತ್ತವೆ. ಅವುಗಳ ಭೇದವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ವಿಚಾರವು ಸ್ಪಷ್ಟವಾಗುವುದಕ್ಕಾಗಿ ಒಂದು ಕಲ್ಪಿತ ಸಂಸಾರವನ್ನು ಎದುರಿಗಿಟ್ಟುಕೊಳ್ಳೋಣ. ಯಾದಗಿರಿ ಜಿಲ್ಲೆಯ ಸುರಪುರ–ಶಹಾಪುರ ಸೀಮೆಯ ದೇವಾಪುರದಲ್ಲಿ ಒಬ್ಬ ಶಿಕ್ಷಕನಿದ್ದಾನೆ ಎಂದು ಊಹಿಸೋಣ. ಅವನು ಎಂಟು ಲಕ್ಷ ರೂಪಾಯಿಗಳ ಪಾಲಿಸಿಯೊಂದನ್ನು ಪಡೆದು ಹೆಂಡತಿಯನ್ನು ನಾಮಿನಿಯೆಂದು ಹೆಸರಿಸಿದನು. ಅವರಿಗೆ ಒಬ್ಬ ಮಗಳು ಹುಟ್ಟಿದಳು. ಕೆಲವು ವರ್ಷಗಳ ಮೇಲೆ ವಿಚ್ಛೇದನವಾಯಿತು. ಮಗಳು ತಾಯಿಯೊಡನೆ ಹೋದಳು. ಅವನು ಮರುಮದುವೆಯಾಗಿ ಒಬ್ಬ ಮಗನನ್ನು ಪಡೆದನು. ಕಂತುಗಳನ್ನು ತಪ್ಪದೆ ಕಟ್ಟಿದನು. ನಾಮಿನಿಯ ಹೆಸರನ್ನು ಮಾತ್ರ ಬದಲಿಸಲಿಲ್ಲ, ಉಯಿಲನ್ನೂ ಬರೆಯಲಿಲ್ಲ. ಅವನು ತೀರಿಕೊಂಡಾಗ ಮನೆಯಲ್ಲಿ ಮುದಿತಾಯಿ, ಎರಡನೆಯ ಹೆಂಡತಿ ಮತ್ತು ಮಗ ಇದ್ದಾರೆ. ಪಾಲಿಸಿಯಲ್ಲಿರುವುದು ಮೊದಲನೆಯವಳ ಹೆಸರು. ಈ ಎಂಟು ಲಕ್ಷದ ಗತಿಯೇನು?

೧. ಕಾಯಿದೆಯ ಹಿನ್ನೆಲೆ

ನಮ್ಮ ದೇಶದಲ್ಲಿ ವಿಮೆಯ ನಾಮನಿರ್ದೇಶನಕ್ಕೆ ಆಧಾರವಾಗಿರುವುದು ೧೯೩೮ರ ವಿಮಾ ಕಾಯಿದೆಯ ೩೯ನೆಯ ಕಲಮು. ಮೃತನ ಹಣವನ್ನು ಪಡೆಯಬೇಕಾದರೆ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರವನ್ನು ತರಬೇಕಾಗುತ್ತದೆ. ಅದು ಕಾಲವನ್ನೂ ವೆಚ್ಚವನ್ನೂ ಬೇಡುವ ಕೆಲಸ. ಆ ತನಕ ಕಾಯಲಾರದ ಕುಟುಂಬಕ್ಕೆ ಹಣವು ಬೇಗನೆ ದೊರೆಯಲಿ, ಹಣ ಕೊಟ್ಟ ವಿಮಾಸಂಸ್ಥೆಗೂ ಹೊಣೆಯಿಂದ ಬಿಡುಗಡೆಯಾಗಲಿ ಎಂಬುದು ಈ ಕಲಮಿನ ಆಶಯ.

ದೇವಾಪುರದ ಸೀಮೆಯ ಮಟ್ಟಿಗೆ ೧೯೫೬ನೆಯ ಇಸವಿಯು ಗಮನಾರ್ಹವಾದುದು. ಸುರಪುರ ಸಂಸ್ಥಾನವು ೧೮೫೮ರ ಬಂಡಾಯದ ತರುವಾಯ ಬ್ರಿಟಿಷರ ವಶವಾಗಿ, ೧೮೬೦ರಲ್ಲಿ ನಿಜಾಮರಿಗೆ ಸೇರಿ, ಬಳಿಕ ಹೈದರಾಬಾದು ರಾಜ್ಯದ ಭಾಗವಾಗಿಯೇ ಉಳಿದಿತ್ತು. ೧೯೫೬ರ ಜೂನಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆಯು ಜಾರಿಗೆ ಬಂದಿತು. ಸೆಪ್ಟೆಂಬರ್ ೧ರಂದು ಭಾರತೀಯ ಜೀವವಿಮಾ ನಿಗಮವು ಸ್ಥಾಪಿತವಾಯಿತು. ನವೆಂಬರ್ ೧ರಂದು ಈ ಸೀಮೆಯು ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಅದರ ಹಿಂದಿನ ವರ್ಷವಷ್ಟೇ, ೧೯೫೫ರ ಹಿಂದೂ ವಿವಾಹ ಕಾಯಿದೆಯು ನ್ಯಾಯಾಲಯದ ಮೂಲಕ ವಿಚ್ಛೇದನಕ್ಕೆ ದೇಶವ್ಯಾಪಿಯಾದ ಮಾರ್ಗವನ್ನು ತೆರೆದಿತ್ತು. ಹೀಗೆ ವಿಮೆ, ಉತ್ತರಾಧಿಕಾರ, ವಿಚ್ಛೇದನ ಎಂಬ ಮೂರು ವ್ಯವಸ್ಥೆಗಳು ಹೆಚ್ಚುಕಡಿಮೆ ಏಕಕಾಲದಲ್ಲಿ ನೆಲೆಗೊಂಡವು. ಆದರೆ ಅವುಗಳನ್ನು ಒಂದಕ್ಕೊಂದು ಬೆಸೆಯುವ ಕೊಂಡಿಯನ್ನು ಯಾರೂ ಹಾಕಲಿಲ್ಲ. ವಿಚ್ಛೇದನವಾದರೆ ನಾಮನಿರ್ದೇಶನವು ರದ್ದಾಗುತ್ತದೆಂದು ವಿಮಾ ಕಾಯಿದೆಯು ಹೇಳುವುದಿಲ್ಲ. ವಿವಾಹ ಕಾಯಿದೆಯೂ ಹೇಳುವುದಿಲ್ಲ.

ಈ ಮೌನವು ಅನಿವಾರ್ಯವಾದುದೇನೂ ಅಲ್ಲ. ೧೯೫೨ರ ನೌಕರರ ಭವಿಷ್ಯನಿಧಿ ಯೋಜನೆಯನ್ನು ರೂಪಿಸಿದಾಗ, ಸಂಸಾರವಿಲ್ಲದ ಕಾಲದಲ್ಲಿ ಮಾಡಿದ ನಾಮನಿರ್ದೇಶನವು ಮುಂದೆ ಸಂಸಾರವಾದೊಡನೆ ಅಸಿಂಧುವಾಗುವುದೆಂದು ವಿಧಿಸಲಾಯಿತು. ೧೯೭೨ರ ಉಪದಾನ ಪಾವತಿ ಕಾಯಿದೆಯೂ ಇದೇ ಮಾರ್ಗವನ್ನು ಹಿಡಿಯಿತು. ಅಂದರೆ ಬಾಳಿನಲ್ಲಿ ಆದ ಬದಲಾವಣೆಯು ಕಾಗದವನ್ನು ತಾನಾಗಿ ಬದಲಿಸಬಲ್ಲದೆಂಬ ತತ್ತ್ವವು ನಮ್ಮ ಶಾಸನಕರ್ತರಿಗೆ ಅಪರಿಚಿತವಾಗಿರಲಿಲ್ಲ. ಅದನ್ನು ಜೀವವಿಮೆಗೆ ಅನ್ವಯಿಸಲಿಲ್ಲ, ಅಷ್ಟೆ.

೨. ಹಣ ಪಡೆಯುವ ಕೈ ಮತ್ತು ಹಣದ ಒಡೆತನ

ನಾಮಿನಿಯು ಹಣದ ಒಡೆಯನೋ ಅಥವಾ ಅದನ್ನು ಪಡೆದು ಹಕ್ಕುದಾರರಿಗೆ ತಲುಪಿಸುವವನೋ ಎಂಬ ಬಗ್ಗೆ ಉಚ್ಚ ನ್ಯಾಯಾಲಯಗಳಲ್ಲಿ ಬಹುಕಾಲ ಭಿನ್ನಾಭಿಪ್ರಾಯವಿತ್ತು. ದಿಲ್ಲಿಯ ಉಚ್ಚ ನ್ಯಾಯಾಲಯವು ನಾಮಿನಿಯೇ ಒಡೆಯನೆಂಬ ಪಕ್ಷವನ್ನು ಹಿಡಿದಿತ್ತು. ೧೯೮೩ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಬತಿ ದೇವಿ ಪ್ರಕರಣದಲ್ಲಿ ಈ ಪಕ್ಷವನ್ನು ತಳ್ಳಿಹಾಕಿತು. ಅಲ್ಲಿ ಮೃತನ ಪಾಲಿಸಿಗಳಿಗೆ ಹೆಂಡತಿಯು ನಾಮಿನಿಯಾಗಿದ್ದಳು. ಮೃತನ ತಾಯಿಯು ತನಗೂ ಪಾಲಿದೆಯೆಂದು ವಾದಿಸಿದಳು. ನಾಮನಿರ್ದೇಶನವು ಹಣವನ್ನು ಸ್ವೀಕರಿಸಲು ಅಧಿಕಾರವುಳ್ಳ ಕೈಯನ್ನು ತೋರಿಸುತ್ತದೆಯೇ ಹೊರತು ಒಡೆತನವನ್ನು ಕೊಡುವುದಿಲ್ಲ. ಹಣವು ಮೃತನ ಆಸ್ತಿಯಂತೆಯೇ ವಾರಸುದಾರರಿಗೆ ಹಂಚಿಕೆಯಾಗಬೇಕು ಎಂಬುದು ತೀರ್ಪಿನ ಸಾರ.

ಈ ಸ್ಥಿತಿಯನ್ನು ೨೦೧೫ರ ತಿದ್ದುಪಡಿಯು ಕದಲಿಸಿತು. ಪಾಲಿಸಿದಾರನು ತನ್ನ ತಂದೆತಾಯಿಗಳನ್ನು, ಪತಿ ಅಥವಾ ಪತ್ನಿಯನ್ನು, ಮಕ್ಕಳನ್ನು ಹೆಸರಿಸಿದ್ದರೆ ಅಂಥ ನಾಮಿನಿಗೆ ಹಣದ ಮೇಲೆ ಫಲಾನುಭವದ ಹಕ್ಕು ಇರುತ್ತದೆಂದು ೩೯ನೆಯ ಕಲಮಿಗೆ ಹೊಸ ಉಪಕಲಮೊಂದು ಸೇರಿತು. ಹಣ ಪಡೆದು ತಲುಪಿಸುವ ನಾಮಿನಿ ಬೇರೆ, ತಾನೇ ಅನುಭವಿಸುವ ನಾಮಿನಿ ಬೇರೆ ಎಂಬ ವಿಭಾಗವನ್ನು ಕಾನೂನು ಆಯೋಗವು ೨೦೦೪ರ ತನ್ನ ೧೯೦ನೆಯ ವರದಿಯಲ್ಲಿ ಸೂಚಿಸಿತ್ತು. ಇದರಿಂದ ಆಪ್ತಬಂಧುವಾದ ನಾಮಿನಿಯು ಇತರ ವಾರಸುದಾರರನ್ನು ಹೊರಗಿಟ್ಟು ಪೂರ್ಣ ಒಡೆಯನಾಗುತ್ತಾನೆಯೇ ಎಂಬ ಪ್ರಶ್ನೆಯು ಮತ್ತೆ ತಲೆಯೆತ್ತಿತು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ೨೦೨೫ರಲ್ಲಿ ಉತ್ತರ ದೊರೆಯಿತು. ಧಾರವಾಡ ಪೀಠದಲ್ಲಿ ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆಯವರು ತೀರ್ಮಾನಿಸಿದ ಆ ಪ್ರಕರಣದಲ್ಲಿ, ಮೃತನು ಅವಿವಾಹಿತನಾಗಿದ್ದಾಗ ತಾಯಿಯನ್ನು ನಾಮಿನಿಯೆಂದು ಹೆಸರಿಸಿದ್ದನು. ಅನಂತರ ಅವನಿಗೆ ಮದುವೆಯಾಯಿತು, ಮಗುವಾಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಹೊಸ ಉಪಕಲಮಿನ ಆಧಾರದ ಮೇಲೆ ಇಡೀ ಹಣವು ತನ್ನದೆಂದು ತಾಯಿಯು ವಾದಿಸಿದಳು. ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ವಿಮಾ ಕಾಯಿದೆಯು ಉತ್ತರಾಧಿಕಾರದ ಹೊಸದೊಂದು ಮಾರ್ಗವನ್ನು ಸೃಷ್ಟಿಸಿಲ್ಲ. ವಾರಸುದಾರರು ತಮ್ಮ ಹಕ್ಕನ್ನು ಕೇಳದಿದ್ದರೆ ನಾಮಿನಿಯ ಹಕ್ಕು ನಿಲ್ಲುತ್ತದೆ, ಕೇಳಿದರೆ ಅದು ಉತ್ತರಾಧಿಕಾರದ ಕಾನೂನಿಗೆ ಮಣಿಯಬೇಕು ಎಂದು ತೀರ್ಮಾನವಾಯಿತು. ತಾಯಿ, ಹೆಂಡತಿ, ಮಗು ಈ ಮೂವರಿಗೂ ಮೂರನೆಯ ಒಂದೊಂದು ಪಾಲು ದೊರೆಯಿತು.

ಈ ಪ್ರಕರಣದಲ್ಲಿ ವಿಚ್ಛೇದನದ ಮಾತಿಲ್ಲ. ಆದರೂ ನಮ್ಮ ಪ್ರಶ್ನೆಗೆ ಇದು ಕನ್ನಡಿಯಂತಿದೆ. ಅಲ್ಲಿ ಮದುವೆಯಿಂದ ಬಂದವರ ಹೆಸರು ಕಾಗದದಲ್ಲಿ ಸೇರಿರಲಿಲ್ಲ; ಇಲ್ಲಿ ವಿಚ್ಛೇದನದಿಂದ ಹೋದವರ ಹೆಸರು ಕಾಗದದಿಂದ ಅಳಿದಿಲ್ಲ.

೩. ದೇವಾಪುರದ ಉದಾಹರಣೆಗೆ ಅನ್ವಯ

ಈಗ ನಮ್ಮ ಶಿಕ್ಷಕನ ಸಂಸಾರಕ್ಕೆ ಹಿಂದಿರುಗೋಣ. ೧೯೫೬ರ ಕಾಯಿದೆಯ ಮೇರೆಗೆ ಉಯಿಲು ಬರೆಯದೆ ತೀರಿಕೊಂಡ ಹಿಂದೂ ಪುರುಷನ ಆಸ್ತಿಯು ಮೊದಲು ಸಲ್ಲುವುದು ಒಂದನೆಯ ವರ್ಗದ ವಾರಸುದಾರರಿಗೆ. ಅವರಲ್ಲಿ ವಿಧವೆ, ತಾಯಿ, ಮಗ, ಮಗಳು ಇವರಿಗೆ ಒಂದೊಂದು ಸಮಪಾಲು. ಡಿಕ್ರಿಯ ಮೂಲಕ ವಿಚ್ಛೇದಿತಳಾದವಳು ವಿಧವೆಯಲ್ಲ. ಆದುದರಿಂದ ವಾರಸುದಾರಳೂ ಅಲ್ಲ. ಆಕೆಯ ಮಗಳ ಹಕ್ಕಿಗಾದರೋ ವಿಚ್ಛೇದನದಿಂದ ಯಾವ ಚ್ಯುತಿಯೂ ಇಲ್ಲ. ಹೀಗಾಗಿ ತಾಯಿ, ಎರಡನೆಯ ಹೆಂಡತಿ, ಮೊದಲ ಮದುವೆಯ ಮಗಳು, ಎರಡನೆಯ ಮದುವೆಯ ಮಗ ಈ ನಾಲ್ವರಿಗೂ ತಲಾ ಎರಡು ಲಕ್ಷ ರೂಪಾಯಿ ಸಲ್ಲಬೇಕು. ಮುಸಲ್ಮಾನ ಕುಟುಂಬವಾದರೆ ಪಾಲುಗಳ ಲೆಕ್ಕ ಬೇರೆ. ಆದರೆ ಇದ್ದತ್ತಿನ ಅವಧಿ ಕಳೆದ ವಿಚ್ಛೇದಿತೆಯು ಅಲ್ಲಿಯೂ ವಾರಸುದಾರಳಲ್ಲ.

ಒಡೆತನದ ಪ್ರಶ್ನೆಗೆ ಇದು ಉತ್ತರ. ಹಣವನ್ನು ಪಡೆಯುವ ಪ್ರಶ್ನೆಗೆ ಉತ್ತರ ಬೇರೆ. ನಾಮನಿರ್ದೇಶನವನ್ನು ರದ್ದು ಮಾಡಿದ ಅಥವಾ ಬದಲಿಸಿದ ಲಿಖಿತ ಸೂಚನೆಯು ವಿಮಾಸಂಸ್ಥೆಗೆ ತಲುಪಿರದಿದ್ದರೆ, ದಾಖಲೆಯಲ್ಲಿರುವ ನಾಮಿನಿಗೆ ಅದು ಸದ್ಭಾವದಿಂದ ಹಣ ಕೊಟ್ಟು ಋಣಮುಕ್ತವಾಗುತ್ತದೆ. ಎಂಟು ಲಕ್ಷವೂ ಮೊದಲನೆಯ ಹೆಂಡತಿಯ ಕೈಸೇರಿದ ಮೇಲೆ ಉಳಿದವರು ಆಕೆಯ ಮೇಲೆ ದಾವೆ ಹೂಡಿ ತಮ್ಮ ಪಾಲನ್ನು ಪಡೆಯಬೇಕು. ಹಣ ಖರ್ಚಾಗಿದ್ದರೆ ಡಿಕ್ರಿಯು ಕಾಗದವಾಗಿ ಉಳಿಯುವ ಸಂಭವವೂ ಉಂಟು. ಹಣ ಪಾವತಿಯಾಗುವುದಕ್ಕೆ ಮೊದಲೇ ವಾರಸುದಾರರು ಲಿಖಿತವಾಗಿ ತಕರಾರು ಸಲ್ಲಿಸಿದರೆ ಪರಿಸ್ಥಿತಿ ಉತ್ತಮ. ಪರಸ್ಪರ ವಿರುದ್ಧವಾದ ಹಕ್ಕುಗಳಿದ್ದಾಗ ಹಣವನ್ನು ನ್ಯಾಯಾಲಯದಲ್ಲಿ ಠೇವಣಿಯಿಡಲು ೪೭ನೆಯ ಕಲಮು ವಿಮಾಸಂಸ್ಥೆಗೆ ಅವಕಾಶ ಕೊಡುತ್ತದೆ. ಸಾವಿನ ಮನೆಯಲ್ಲಿ ಮೊದಲ ವಾರಗಳಲ್ಲಿಯೇ ಇಂಥ ಅರ್ಜಿ ಬರೆಯಬೇಕೆಂದು ತಿಳಿದವರು ಎಷ್ಟು ಮಂದಿ ಇರುತ್ತಾರೆ ಎಂಬುದು ಯೋಚಿಸಬೇಕಾದ ಸಂಗತಿ.

ಇನ್ನೊಂದು ಸಂದೇಹವೂ ಉಳಿಯುತ್ತದೆ. ೨೦೧೫ರ ಉಪಕಲಮಿನಲ್ಲಿ ಹೇಳಿರುವ ಪತಿ ಅಥವಾ ಪತ್ನಿ ಎಂಬುದು ಹೆಸರು ಬರೆದ ದಿನಕ್ಕೆ ಅನ್ವಯಿಸುತ್ತದೆಯೇ, ಸತ್ತ ದಿನಕ್ಕೆ ಅನ್ವಯಿಸುತ್ತದೆಯೇ? ಕಲಮಿನ ಮಾತುಗಳಲ್ಲಿ ಇದಕ್ಕೆ ಉತ್ತರವಿಲ್ಲ. ಧಾರವಾಡ ಪೀಠದ ತೀರ್ಪಿನಂತೆ ವಾರಸುದಾರರ ಹಕ್ಕೇ ಮೇಲಾಗುವುದರಿಂದ ನಮ್ಮ ರಾಜ್ಯದಲ್ಲಿ ಈ ಸಂದೇಹದ ತೀವ್ರತೆ ಕುಗ್ಗಿದೆ. ಅದು ಸಂಪೂರ್ಣವಾಗಿ ಅಳಿದಿಲ್ಲ.

೪. ಪಂಚರ ಮುಂದಿನ ಬಿಡುಗಡೆ

ಮೇಲಿನ ಲೆಕ್ಕವೆಲ್ಲವೂ ನ್ಯಾಯಾಲಯದ ಡಿಕ್ರಿಯನ್ನು ಆಧರಿಸಿದೆ. ಉತ್ತರ ಕರ್ನಾಟಕದ ಹಲವು ಸಮುದಾಯಗಳಲ್ಲಿ ಗಂಡಹೆಂಡಿರ ಬಿಡುಗಡೆಯು ಪಂಚರ ಮುಂದೆ ಸೋಡಚೀಟಿಯ ಮೂಲಕ ನಡೆಯುತ್ತಿದ್ದುದೂ, ಬಿಟ್ಟವಳು ಉಡಿಕಿಯ ಪದ್ಧತಿಯಿಂದ ಮತ್ತೊಂದು ಸಂಸಾರ ಹೂಡುತ್ತಿದ್ದುದೂ ಸುವಿದಿತ. ೧೯೫೫ರ ಕಾಯಿದೆಯು ತನ್ನ ೨೯ನೆಯ ಕಲಮಿನಲ್ಲಿ ಇಂಥ ರೂಢಿಗತ ವಿಚ್ಛೇದನವನ್ನು ಉಳಿಸಿಕೊಂಡಿದೆ. ಆದರೆ ರೂಢಿಯು ಇದೆಯೆಂದು ಹೇಳಿದರೆ ಸಾಲದು. ಅದನ್ನು ವಾದಪತ್ರದಲ್ಲಿ ಸ್ಪಷ್ಟವಾಗಿ ಪ್ರತಿಪಾದಿಸಿ ಸಾಕ್ಷ್ಯದಿಂದ ಸ್ಥಾಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೨ರಲ್ಲಿ ಯಮನಾಜಿ ಜಾಧವ ಪ್ರಕರಣದಲ್ಲಿ ಹೇಳಿದೆ.

ನಮ್ಮ ಶಿಕ್ಷಕನ ವಿಚ್ಛೇದನವು ಬರಿಯ ಚೀಟಿಯಿಂದ ಆಗಿದ್ದು, ಅಂಥ ರೂಢಿಯು ಆ ಸಮುದಾಯದಲ್ಲಿ ಸಿದ್ಧವಾಗದಿದ್ದರೆ, ಲೆಕ್ಕವು ತಲೆಕೆಳಗಾಗುತ್ತದೆ. ಮೊದಲನೆಯವಳು ಕಾನೂನಿನ ದೃಷ್ಟಿಯಲ್ಲಿ ಹೆಂಡತಿಯಾಗಿಯೇ ಉಳಿದು ವಿಧವೆಯ ಪಾಲನ್ನು ಪಡೆಯುತ್ತಾಳೆ. ಎರಡನೆಯ ಮದುವೆಯು ಅನೂರ್ಜಿತವಾಗಿ, ಗಂಡನೊಡನೆ ವರ್ಷಗಟ್ಟಲೆ ಬಾಳಿದ ಎರಡನೆಯವಳು ಬರಿಗೈಯಾಗುತ್ತಾಳೆ. ಆಕೆಯ ಮಗನಿಗೆ ಮಾತ್ರ ೧೬ನೆಯ ಕಲಮಿನ ಮೇರೆಗೆ ತಂದೆಯ ಆಸ್ತಿಯಲ್ಲಿ ಹಕ್ಕು ಉಂಟು. ಪಾಲುಗಳು ಆಗಲೂ ನಾಲ್ಕೇ. ಒಬ್ಬ ಹೆಂಗಸಿನ ಸ್ಥಾನದಲ್ಲಿ ಇನ್ನೊಬ್ಬ ಹೆಂಗಸು ಬಂದು ನಿಲ್ಲುತ್ತಾಳೆ.

ಇದು ಕೇವಲ ತರ್ಕದ ಮಾತಲ್ಲ. ೨೦೦೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ವಿದ್ಯಾಧರಿ ಪ್ರಕರಣದಲ್ಲಿ ಕಲ್ಲಿದ್ದಲು ಗಣಿಯ ನೌಕರನೊಬ್ಬನು ಎರಡನೆಯ ಹೆಂಡತಿಯನ್ನು ನಾಮಿನಿ ಮಾಡಿದ್ದನು. ಮೊದಲನೆಯವಳೊಡನೆ ವಿಚ್ಛೇದನವಾಗಿತ್ತೆಂಬ ವಾದವು ನಿಲ್ಲಲಿಲ್ಲ. ಎರಡನೆಯವಳು ನಾಮಿನಿಯಾದುದರಿಂದಲೂ ನಾಲ್ವರು ಮಕ್ಕಳನ್ನು ಸಾಕುತ್ತಿದ್ದುದರಿಂದಲೂ ಉತ್ತರಾಧಿಕಾರ ಪ್ರಮಾಣಪತ್ರವನ್ನು ಆಕೆಗೇ ಕೊಟ್ಟ ನ್ಯಾಯಾಲಯವು, ಮೊದಲನೆಯವಳ ಐದನೆಯ ಒಂದು ಪಾಲನ್ನು ಕಾಯ್ದುಕೊಡಬೇಕೆಂದು ಷರತ್ತು ವಿಧಿಸಿತು. ಮಿಕ್ಕ ನಾಲ್ಕು ಪಾಲುಗಳು ಮಕ್ಕಳವು. ಹಣ ಪಡೆದ ಕೈಗೆ ತನ್ನದೆನ್ನುವ ಪಾಲೇ ಇರಲಿಲ್ಲ.

೫. ಬದಲಿಸಬಲ್ಲ ಮತ್ತು ಬದಲಿಸಲಾಗದ ಪಾಲಿಸಿಗಳು

ಸಾಮಾನ್ಯ ನಾಮನಿರ್ದೇಶನವನ್ನು ಪಾಲಿಸಿದಾರನು ಅವಧಿ ಮುಗಿಯುವ ಮೊದಲು ಎಷ್ಟು ಸಲವಾದರೂ ಬದಲಿಸಬಹುದು. ಅದಕ್ಕೆ ಹಳೆಯ ನಾಮಿನಿಯ ಒಪ್ಪಿಗೆ ಬೇಕಿಲ್ಲ. ಎರಡು ಸಂದರ್ಭಗಳಲ್ಲಿ ಮಾತ್ರ ಈ ಸ್ವಾತಂತ್ರ್ಯವಿಲ್ಲ.

ಮೊದಲನೆಯದು, ೩೮ನೆಯ ಕಲಮಿನ ಮೇರೆಗೆ ಪಾಲಿಸಿಯನ್ನು ಹೆಂಡತಿಯ ಹೆಸರಿಗೆ ಪೂರ್ಣವಾಗಿ ಹಸ್ತಾಂತರ ಮಾಡಿರುವುದು. ಅದು ಕೊಟ್ಟ ಸ್ವತ್ತು; ವಿಚ್ಛೇದನದಿಂದ ಅದು ಹಿಂದಕ್ಕೆ ಬಾರದು. ಎರಡನೆಯದು, ೧೮೭೪ರ ವಿವಾಹಿತ ಸ್ತ್ರೀಯರ ಸ್ವತ್ತಿನ ಕಾಯಿದೆಯ ೬ನೆಯ ಕಲಮಿನಂತೆ ಪಡೆದ ಪಾಲಿಸಿ. ವಿವಾಹಿತ ಪುರುಷನು ತನ್ನ ಜೀವದ ಮೇಲೆ ಹೆಂಡತಿ ಅಥವಾ ಮಕ್ಕಳ ಹಿತಕ್ಕಾಗಿಯೆಂದು ನಮೂದಿಸಿ ಪಡೆದ ಇಂಥ ಪಾಲಿಸಿಯು ಒಂದು ನ್ಯಾಸವಾಗುತ್ತದೆ; ಅದು ಅವನ ಅಧೀನದಲ್ಲಿಯಾಗಲಿ ಸಾಲಗಾರರ ಕೈಗೆಟುಕುವಂತೆಯಾಗಲಿ ಇರುವುದಿಲ್ಲ. ಹಿಂದೂ, ಮುಸಲ್ಮಾನ ಮೊದಲಾದವರಿಗೆ ಈ ಸೌಲಭ್ಯವು ಮದರಾಸಿನ ಹೊರಗಿನ ಬ್ರಿಟಿಷ್ ಪ್ರಾಂತಗಳಲ್ಲಿ ದೊರೆತುದು ೧೯೨೩ರ ಏಪ್ರಿಲ್ ೧ರಿಂದ. ಧಾರವಾಡದ ಗೃಹಸ್ಥನಿಗೆ ಆಗಲೇ ದೊರೆತ ಈ ಹಕ್ಕು, ನಿಜಾಮರ ಸೀಮೆಯಲ್ಲಿದ್ದ ದೇವಾಪುರದವನಿಗೆ ದೊರೆಯಲು ೧೯೫೯ರ ವಿಸ್ತರಣ ಕಾಯಿದೆಯವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನ ೧೮೮೨ರ ತತ್ಸಮಾನ ಕಾಯಿದೆಯ ಕೆಳಗೆ ಅಲ್ಲಿಯ ನ್ಯಾಯಾಲಯಗಳು, ಹೆಂಡತಿಯ ಹೆಸರನ್ನೇ ಬರೆದಿದ್ದರೆ ಆ ವ್ಯಕ್ತಿಗೆ ಸ್ಥಿರವಾದ ಹಕ್ಕು ಹುಟ್ಟುವುದೆಂದೂ, ಹೆಸರಿಲ್ಲದೆ ಹೆಂಡತಿ ಮಕ್ಕಳು ಎಂದಷ್ಟೇ ಬರೆದಿದ್ದರೆ ಮರುಮದುವೆಯ ಹೆಂಡತಿಯೂ ಅದರಲ್ಲಿ ಸೇರಬಹುದೆಂದೂ ಭೇದ ಮಾಡಿವೆ. ಒಂದು ಹೆಸರನ್ನು ಬರೆಯುವುದಕ್ಕೂ ಬಿಡುವುದಕ್ಕೂ ಎಷ್ಟು ಅಂತರವೆಂಬುದು ಇದರಿಂದ ತಿಳಿದೀತು.

ಸರ್ಕಾರಿ ನೌಕರರಾದ ಅಧ್ಯಾಪಕರು ಮತ್ತೊಂದು ಸಂಗತಿಯನ್ನು ಗಮನದಲ್ಲಿಡಬೇಕು. ಹಳೆಯ ಮೈಸೂರು ಸಂಸ್ಥಾನದಲ್ಲಿ ೧೮೯೧ರಲ್ಲಿ ಆರಂಭವಾಗಿ ಇಂದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯೆನಿಸಿರುವ ಸಂಸ್ಥೆ, ೧೮೮೪ರಿಂದ ನಡೆದುಬಂದಿರುವ ಅಂಚೆ ಜೀವವಿಮೆ, ಹಳ್ಳಿಗರಿಗಾಗಿ ೧೯೯೫ರಲ್ಲಿ ತೊಡಗಿದ ಗ್ರಾಮೀಣ ಅಂಚೆ ಜೀವವಿಮೆ, ಬ್ಯಾಂಕಿನ ಖಾತೆಯ ಮೂಲಕ ೨೦೧೫ರಲ್ಲಿ ಬಂದ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ ಇವೆಲ್ಲವೂ ಬೇರೆ ಬೇರೆ ದಾಖಲೆಗಳು. ಒಂದರಲ್ಲಿ ಹೆಸರು ಬದಲಿಸಿದರೆ ಮತ್ತೊಂದರಲ್ಲಿ ಬದಲಾಗುವುದಿಲ್ಲ.

೬. ಪರದೇಶದ ಒಂದು ಮಾರ್ಗ

ಅಮೆರಿಕದ ಹಲವು ಸಂಸ್ಥಾನಗಳು ವಿಚ್ಛೇದನವಾದೊಡನೆ ಹಿಂದಿನ ಪತಿ ಅಥವಾ ಪತ್ನಿಯ ಹೆಸರು ತಾನಾಗಿ ರದ್ದಾಗುವಂತೆ ಶಾಸನ ಮಾಡಿವೆ. ಮಿನ್ನೆಸೋಟ ಸಂಸ್ಥಾನದಲ್ಲಿ ಈ ಶಾಸನವು ೨೦೦೨ರಲ್ಲಿ ಜೀವವಿಮೆಗೂ ವಿಸ್ತರಿಸಿತು. ಅಲ್ಲಿ ೧೯೯೭ರಲ್ಲಿ ಮದುವೆಯಾಗಿ ೨೦೦೭ರಲ್ಲಿ ಬೇರ್ಪಟ್ಟ ಸ್ವೀನ್ ಎಂಬಾತನು ಹೆಸರು ಬದಲಿಸದೆ ೨೦೧೧ರಲ್ಲಿ ತೀರಿಕೊಂಡನು. ಹಣವು ಹಿಂದಿನ ಹೆಂಡತಿಗಲ್ಲ, ಮಕ್ಕಳಿಗೆ ಸಲ್ಲಬೇಕೆಂಬ ಶಾಸನವನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ಎಂಟಕ್ಕೆ ಒಂದು ಬಹುಮತದಿಂದ ಎತ್ತಿಹಿಡಿಯಿತು. ಆದರೆ ಉದ್ಯೋಗಸಂಸ್ಥೆಯ ಮೂಲಕ ಬರುವ, ಕೇಂದ್ರ ಶಾಸನಕ್ಕೊಳಪಟ್ಟ ವಿಮೆಗೆ ಈ ನಿಯಮವು ತಾಗದೆಂದು ೨೦೦೧ರ ಎಗೆಲ್‌ಹಾಫ್ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ವಿಚ್ಛೇದನವಾದ ಎರಡು ತಿಂಗಳಿಗೆ ಅಪಘಾತದಲ್ಲಿ ಮಡಿದವನೊಬ್ಬನ ಹಣವು ಅಲ್ಲಿ ಹಿಂದಿನ ಹೆಂಡತಿಗೇ ಸೇರಿತು. ತಾನಾಗಿ ರದ್ದಾಗುವ ನಿಯಮವಿರುವ ದೇಶದಲ್ಲಿಯೂ ಕಾಗದವನ್ನು ತಿದ್ದಿದವನೇ ನಿಶ್ಚಿಂತನು.

ನಮ್ಮಲ್ಲಿಯೂ ಇಂಥದೇ ಶಾಸನವು ಬೇಕೆ? ನಮಗೆ ಇದರಲ್ಲಿ ಒಂದು ಅಳುಕಿದೆ. ವಿಚ್ಛೇದಿತೆಯೂ ಆಕೆಯ ಬಳಿಯಿರುವ ಮಕ್ಕಳೂ ಎಷ್ಟೋ ವೇಳೆ ಜೀವನಾಂಶವನ್ನೇ ನಂಬಿರುತ್ತಾರೆ. ಅದನ್ನು ಕೊಡುವವನು ಸತ್ತರೆ ತಿಂಗಳ ಹಣ ನಿಲ್ಲುತ್ತದೆ. ಅಂಥವರಿಗೆ ವಿಮೆಯೊಂದೇ ಆಸರೆಯಾಗಿದ್ದು, ಗಂಡನೂ ತಿಳಿದೇ ಹೆಸರನ್ನು ಉಳಿಸಿರಬಹುದು. ಮರೆವಿನಿಂದ ಉಳಿದ ಹೆಸರನ್ನೂ ಮನಸ್ಸಿನಿಂದ ಉಳಿಸಿದ ಹೆಸರನ್ನೂ ಕುರುಡಾಗಿ ರದ್ದು ಮಾಡುವುದು ನ್ಯಾಯವೆನಿಸದು. ಅವೆರಡನ್ನೂ ಒಂದೇ ಎಂದು ಕಾಣುವ ಇಂದಿನ ಮೌನವೂ ನ್ಯಾಯವಲ್ಲ. ವಿಚ್ಛೇದನದ ಅರ್ಜಿಯೊಡನೆ ಉಭಯರ ಪಾಲಿಸಿಗಳ ಪಟ್ಟಿಯನ್ನು ಪಡೆದು, ನಾಮಿನಿ ಯಾರಿರಬೇಕೆಂಬುದನ್ನು ಡಿಕ್ರಿಯಲ್ಲಿಯೇ ದಾಖಲಿಸಿ, ಅದರ ಪ್ರತಿಯನ್ನು ವಿಮಾಸಂಸ್ಥೆಗೆ ಕಳುಹಿಸುವ ಪದ್ಧತಿಯು ಏರ್ಪಟ್ಟರೆ ಈ ತೊಡಕಿನ ಬಹುಭಾಗವು ಪರಿಹಾರವಾದೀತೆಂದು ನಮ್ಮ ಅಭಿಪ್ರಾಯ.

೭. ಉಪಸಂಹಾರ

ಶಾಸನವು ಬದಲಾಗುವ ತನಕ ಹೊಣೆಯು ಪಾಲಿಸಿದಾರನದೇ. ವಿಚ್ಛೇದನವಾದವರು, ಗಂಡಸಾಗಲಿ ಹೆಂಗಸಾಗಲಿ, ಪ್ರತಿಯೊಂದು ಪಾಲಿಸಿಗೂ ಪ್ರತ್ಯೇಕವಾದ ಲಿಖಿತ ಸೂಚನೆಯನ್ನು ಕೊಟ್ಟು, ಬದಲಾವಣೆಯು ದಾಖಲಾದುದಕ್ಕೆ ಲಿಖಿತ ಸ್ವೀಕೃತಿಯನ್ನು ಪಡೆಯಬೇಕು. ಅದನ್ನು ಕೊಡುವುದು ವಿಮಾಸಂಸ್ಥೆಯ ಕರ್ತವ್ಯ. ಅಪ್ರಾಪ್ತ ಮಗುವನ್ನು ಹೆಸರಿಸುವುದಾದರೆ ಅದರ ಪರವಾಗಿ ಹಣ ಪಡೆಯುವವರನ್ನೂ ಯೋಚಿಸಿ ಹೆಸರಿಸಬೇಕು. ಬೇರ್ಪಟ್ಟ ಸಂಗಾತಿಗೇ ಹಣ ಸಲ್ಲಬೇಕೆಂಬ ಮನಸ್ಸಿದ್ದರೆ ನಾಮನಿರ್ದೇಶನವನ್ನು ಮಾತ್ರ ನಂಬದೆ ಉಯಿಲನ್ನೂ ಬರೆಯಬೇಕು. ಹಿಂದೂವಿಗೆ ಆ ಅಧಿಕಾರವು ೧೯೫೬ರ ಕಾಯಿದೆಯ ೩೦ನೆಯ ಕಲಮಿನಿಂದ ಬಂದಿದೆ. ಬಿಡುಗಡೆಯು ಪಂಚರ ಮುಂದೆ ನಡೆದಿದ್ದರೆ ಅದನ್ನು ನ್ಯಾಯಾಲಯದಲ್ಲಿ ಸ್ಥಿರಪಡಿಸಿಕೊಳ್ಳುವುದು ಕ್ಷೇಮ.

ಈ ವಿಷಯವನ್ನು ತರಗತಿಯಲ್ಲಿ ಬೋಧಿಸುವ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಒಂದು ಸಣ್ಣ ಕೆಲಸವನ್ನು ಕೊಡಬಹುದು. ತಮ್ಮ ಮನೆಯಲ್ಲಿರುವ ಪಾಲಿಸಿಯನ್ನು ತೆಗೆದು, ಅದರಲ್ಲಿ ಯಾರ ಹೆಸರಿದೆ, ಆ ಹೆಸರನ್ನು ಎಂದು ಬರೆಯಲಾಯಿತು, ಅಂದಿನಿಂದ ಮನೆಯಲ್ಲಿ ಏನೇನು ಬದಲಾಗಿದೆ ಎಂಬುದನ್ನು ಹಿರಿಯರೊಡನೆ ಕುಳಿತು ನೋಡಲಿ. ಕಲಮುಗಳ ವ್ಯಾಖ್ಯಾನಕ್ಕಿಂತ ಹೆಚ್ಚಿನ ಉಪಕಾರವು ಅದರಿಂದ ಆಗಬಹುದು.